ಬಿಸಿಲು ಬೀಳುವ ಮುನ್ನ ದಾಟಿಸಿದವರು

ಮಾವಶಿಯ ಬೆರಳ ತುದಿಗಳು ವರ್ಷವಿಡೀ ಬಿರಿದಿರುತ್ತಿದ್ದವು. ಅಲ್ಲಿ ಕೂತ ಕಪ್ಪು ಕಲ್ಲಿನ ಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಪುಣೆಯ ನಮ್ಮ ಕಾಲೇಜಿನ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಅವರು ಸಹಾಯಕಿ. ಮರಾಠಿ ಹುಡುಗರು ಚಿಕ್ಕಮ್ಮ ಎಂಬರ್ಥದಲ್ಲಿ ಮಾವಶಿ ಎನ್ನುತ್ತಿದ್ದರು; ಆ ಹೆಸರೇ ನನಗೂ ರೂಢಿಯಾಯಿತು. ಧಾರವಾಡದ ಕಡೆಯವರು. ಬೆಳಗಾವಿಯವಳಾದ ನನ್ನೊಡನೆ ಮಾತ್ರ ಕನ್ನಡ. "ತಂಗಿ, ಉಂಡಿಯೇನ?" ಎಂದು ಕೇಳದೆ ಒಂದು ದಿನವೂ ಒಳಗೆ ಬಿಟ್ಟವರಲ್ಲ.

ಬಿರುಕುಬಿಟ್ಟ ಕಲ್ಲುಗಳಿಗೆ ನೀರು ಕುಡಿಸಿ, ಟ್ರೇಗಳಲ್ಲಿ ಜೋಡಿಸಿ ಸಂಜೆ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಹೊರತೆಗೆಯುವುದು ಅವರ ಕೆಲಸ. ವಾರಗಟ್ಟಲೆ. ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಕಲ್ಲನ್ನು ಸೀಳುತ್ತದೆ ಎಂದು ಬರೆದು ನಾವು ಅಂಕ ಪಡೆಯುತ್ತಿದ್ದೆವು. ಟ್ರೇಗಳ ಮುಂದೆ ಕೂತು ನೋಡಿದವರು ಅವರೊಬ್ಬರೇ. "ಬರ್ಫ ಸೀಳತದ ಖರೆ, ಆದ್ರ ಸೀಳಿದ್ದನ್ನ ಅದೇ ಹಿಡಕೊಂಡಿರತದ. ಕರಗಿದ ಮ್ಯಾಲೇ ಚೂರು ಬೀಳೂದು," ಎನ್ನುತ್ತಿದ್ದರು.

ಅವರ ನಿವೃತ್ತಿಯ ವರ್ಷ ಹಿಮಾಲಯಕ್ಕೆ ಅಧ್ಯಯನ ಪ್ರವಾಸ. ಆಯ್ದ ಕಲ್ಲುಗಳಿಗೆ ಚೀಟಿ ಹಚ್ಚಲು ಅವರೂ ಬಂದರು. ಹಿಮ ಕಂಡದ್ದು ಅದೇ ಮೊದಲು. ಮೂರನೆಯ ಬೆಳಿಗ್ಗೆ ಕಡಿದಾದ ಕೊರಕಲೊಂದನ್ನು ದಾಟಬೇಕಿತ್ತು. ಬಿಸಿಲು ಬಂದು ಮೈ ಬೆಚ್ಚಗಾದ ಮೇಲೆ ಹೊರಡೋಣ ಎಂದರು ಪ್ರಾಧ್ಯಾಪಕರು. ಮಾವಶಿ ಮೇಲಿನ ಬಂಡೆಗಳನ್ನೇ ನೋಡುತ್ತಿದ್ದರು. ಸೀಳುಗಳ ತುಂಬ ಮಂಜುಗಡ್ಡೆ.

"ತಂಗಿ, ಸರ್‌ಗೆ ಹೇಳವಾ. ಬಿಸಲ ಬೀಳೂದ್ರೊಳಗ ದಾಟೂಣು."

"ನೀವೇ ಹೇಳ್ರಿ ಮಾವಶಿ."

ಮೂವತ್ತು ವರ್ಷ ಪ್ರಾಧ್ಯಾಪಕರೆದುರು ತಲೆಯೆತ್ತಿ ಮಾತಾಡದ ಹೆಂಗಸು ನೇರ ಹೋಗಿ ಮರಾಠಿಯಲ್ಲಿ ಹೇಳಿಯೇಬಿಟ್ಟರು. ಯಾರೋ ನಕ್ಕರು. ಮಾವಶಿ ಕದಲಲಿಲ್ಲ. ಪ್ರಾಧ್ಯಾಪಕರು ಒಮ್ಮೆ ಅವರನ್ನು, ಒಮ್ಮೆ ಬಂಡೆಗಳನ್ನು ನೋಡಿ, ಕೈಯಲ್ಲಿದ್ದ ಚಹಾ ಚೆಲ್ಲಿ ಎದ್ದರು.

ಹದಿನೇಳು ಮಂದಿ ಸಾಲಾಗಿ ದಾಟಿದೆವು. ಕೊನೆಯವರು ಮಾವಶಿ, ಕಚ್ಚೆ ಸೀರೆಯ ಮೇಲೆ ಮಗನ ಜಾಕೀಟು ತೊಟ್ಟುಕೊಂಡು. ಆಚೆ ಕೂತು ಬುತ್ತಿ ಬಿಚ್ಚುವಷ್ಟರಲ್ಲಿ ಬಿಸಿಲು ಕೊರಕಲಿಗಿಳಿಯಿತು. ಮೊದಲು ಟಕ್ಕೆಂದು ಒಂದು ಸದ್ದು. ಆಮೇಲೆ ಕಲ್ಲುಗಳು ಧಡಧಡನೆ ಉರುಳಿ, ನಾವು ನಡೆದುಬಂದ ಜಾಡನ್ನೇ ಮುಚ್ಚಿಹಾಕಿದವು.

ಧೂಳು ಅಡಗಿದಾಗ, ನಕ್ಕಿದ್ದ ಹುಡುಗನೇ ಓಡಿಬಂದು ಅವರನ್ನು ಎತ್ತಿ ಕುಣಿದ. "ಮೂವತ್ತು ವರ್ಷ ಟ್ರೇದಾಗ ನೋಡೇನಿ," ಎಂದು ಮೇಲಿಂದಲೇ ನನ್ನತ್ತ ಕೂಗಿದರು, "ಇವತ್ತ ಗುಡ್ಡದಾಗ ನೋಡಿದ್ನೆವ್ವಾ!" ಆ ಸಂಜೆಯ ಪಾಠ ಅವರದೇ. ಪ್ರಾಧ್ಯಾಪಕರು ನಮ್ಮ ನಡುವೆ ಕೂತು ಬರೆದುಕೊಂಡರು.

ಮಾವಶಿ ಈಗಿಲ್ಲ. ಇಂದು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವವಳು ನಾನು. ನಸುಕಿನ ಚಳಿಯಲ್ಲಿ ಎಬ್ಬಿಸಿದ್ದಕ್ಕೆ ಗೊಣಗುತ್ತಲೇ ನಡೆಯುತ್ತಾರೆ. ಆಚೆ ಮುಟ್ಟಿದ ಮೇಲೆ ತಲೆ ಎಣಿಸುತ್ತೇನೆ. ಪ್ರತಿ ಸಲವೂ ಎಲ್ಲರೂ ಇರುತ್ತಾರೆ.