ಗೌರೀಶ ಅಗಿಯಲು ಕಲಿತ ವರ್ಷ

ದಂಡಿಗನಹಳ್ಳಿಯ ಗೌರೀಶ ನಲವತ್ತೆರಡನೇ ವಯಸ್ಸಿನವರೆಗೆ ಮುದ್ದೆಯನ್ನು ಅಗಿದವರಲ್ಲ. ಆ ಸೀಮೆಯಲ್ಲಿ ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನಾಲಿಗೆಯ ಮೇಲಿಟ್ಟರೆ ಅದು ತಾನಾಗಿ ಗಂಟಲಿಗೆ ಇಳಿಯಬೇಕು. ಪಂಕ್ತಿಯಲ್ಲಿ ಯಾರಾದರೂ ದವಡೆ ಆಡಿಸಿದರೆ ಪಕ್ಕದವರು, ‘ಯಾವೂರಾಯ್ತು ತಮ್ದು?’ ಎಂದು ಕೇಳುತ್ತಾರೆ. ಗೌರೀಶ ಅವರ ಹೆಸರು ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಹಬ್ಬಿದ್ದೇ ಈ ನುಂಗುವ ವಿದ್ಯೆಯಿಂದ. ಹೊಳೆನರಸೀಪುರದ ಹತ್ತಿರ ನಡೆಯುತ್ತಿದ್ದ ನಾಟಿಕೋಳಿ ಸಾರು–ಮುದ್ದೆ ಉಣ್ಣುವ ಪಂದ್ಯದಲ್ಲಿ ಅವರು ಎರಡು ವರ್ಷ ಗೆದ್ದಿದ್ದರು. ಬಹುಮಾನದ ಟಗರನ್ನು ಹೆಗಲ ಮೇಲೆ ಹೊತ್ತು ತೆಗೆಸಿಕೊಂಡ ಫೋಟೊ ಅವರ ಅಂಗಡಿಯ ಗೋಡೆಯಲ್ಲಿತ್ತು.

ಅಂಗಡಿಯೆಂದರೆ ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಬೀಗರೂಟ, ತಿಥಿ, ಗೃಹಪ್ರವೇಶ, ಯಾವುದೇ ಆಗಲಿ, ಗೌರೀಶ ಮೊದಲು ಹೋಗಿ ಕೊನೆಗೆ ಬರುವವರು. ಶಾಮಿಯಾನ ಕಟ್ಟಿದವನನ್ನು ಉಣ್ಣಿಸದೆ ಕಳಿಸುವ ಮನೆ ಅಲ್ಲಿಲ್ಲ. ಹೀಗೆ ಹದಿನೈದು ವರ್ಷದ ಊಟಗಳು ಮೈಯಲ್ಲಿ ಉಳಿದುಕೊಂಡವು. ಅದು ಅವರಿಗೆ ಚಿಂತೆಯ ವಿಷಯವಾಗಿರಲಿಲ್ಲ, ತಂಗಿ ರೂಪಶ್ರೀಯ ಕಾಲು ಊದಿಕೊಳ್ಳುವವರೆಗೆ.

ರೂಪಶ್ರೀಯನ್ನು ಹೊಳೆನರಸೀಪುರದ ಅನಿಲ್‌ಕುಮಾರ್ ಅವರಿಗೆ ಕೊಟ್ಟಿದೆ. ಅನಿಲ್‌ಕುಮಾರ್ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಕೆಲಸ ಮಾಡುತ್ತಾರೆ. ಊತಕ್ಕೆ ಮೊದಲು ಮಾತ್ರೆ, ಆಮೇಲೆ ಪರೀಕ್ಷೆಗಳು, ಕೊನೆಗೆ ತಿಳಿದದ್ದು ಎರಡೂ ಕಿಡ್ನಿ ಸೋತಿವೆ ಎಂದು. ಚನ್ನರಾಯಪಟ್ಟಣದಲ್ಲಿ ಡಯಾಲಿಸಿಸ್‌ಗೆ ಹೋಗಿ ಬರಲು ಹತ್ತಿರವಾಗುತ್ತದೆಂದು ಗೌರೀಶ ಅವಳನ್ನು ತಮ್ಮ ಮನೆಗೇ ಕರೆತಂದರು. ಬೇರೆ ಕಿಡ್ನಿ ಹಾಕಿಸಿದರೆ ಒಳ್ಳೆಯದೆಂದು ಮೈಸೂರಿನ ವೈದ್ಯರು ಹೇಳಿದರು. ಗಂಡನ ರಕ್ತದ ಗುಂಪು ಹೊಂದಲಿಲ್ಲ. ತಾಯಿ ಪುಟ್ಟತಾಯಮ್ಮ, ‘ನಂದು ತಕ್ಕಳಿ’ ಎಂದು ಸೆರಗು ಬಿಗಿದು ಮುಂದೆ ಬಂದರು. ಅವರಿಗೆ ಸಕ್ಕರೆ ಕಾಯಿಲೆ. ಉಳಿದವರು ಗೌರೀಶ. ಅವರದು ಎಲ್ಲವೂ ಹೊಂದಿತು, ತೂಕವೊಂದನ್ನು ಬಿಟ್ಟು.

‘ನಿಮ್ಮ ಎರಡರಲ್ಲಿ ಒಂದನ್ನ ತೆಗೀತೀವಿ,’ ಎಂದರು ವೈದ್ಯರು. ‘ಉಳಿದ ಒಂದು ಈ ಮೈಯನ್ನ ಜೀವಮಾನವೆಲ್ಲ ಸಾಕಬೇಕು. ಇಪ್ಪತ್ತು ಕೆಜಿ ಇಳಿಸಿಕೊಂಡು ಬನ್ನಿ.’

‘ಅಲ್ಲೀಗಂಟ ಇವ್ಳು ಸಾ?’ ಗೌರೀಶ ತಂಗಿಯತ್ತ ಕೈ ತೋರಿದರು.

‘ಡಯಾಲಿಸಿಸ್ ಮೇಲೆ ಇರ್ತಾರೆ. ಆದರೆ ತುಂಬಾ ತಡ ಮಾಡಬೇಡಿ. ದೇಹ ಸೋಲ್ತಾ ಹೋಗುತ್ತೆ.’

ಊರಿಗೆ ಬಂದ ಗೌರೀಶ ತಮಗೆ ತಿಳಿದ ದಾರಿ ಹಿಡಿದರು. ಊಟ ಬಿಟ್ಟರು. ಬೆಳಿಗ್ಗೆ ಟೀ, ಸಂಜೆ ಎರಡು ಬಾಳೆಹಣ್ಣು. ಒಂದು ಗೃಹಪ್ರವೇಶದಲ್ಲಿ ಶಾಮಿಯಾನದ ಕಂಬ ನೆಡುವಾಗ ಕಣ್ಣು ಕತ್ತಲಿಟ್ಟು ಕಂಬದ ಸಮೇತ ಬಿದ್ದರು. ಹೆಂಡತಿ ಭವ್ಯಶ್ರೀ ಮಾರನೇ ದಿನವೇ ಅವರನ್ನು ಹಾಸನಕ್ಕೆ, ಆಹಾರ ತಜ್ಞೆ ಬಿಂದುಶ್ರೀ ಅವರಲ್ಲಿಗೆ ಕರೆದುಕೊಂಡು ಹೋದರು. ಬಿಂದುಶ್ರೀ ಹರದನಹಳ್ಳಿಯವರು. ಮುದ್ದೆಯ ಮನೆಯಲ್ಲಿ ಬೆಳೆದವರು.

‘ಮುದ್ದೆ ಬುಟ್ಬುಡ್ಬೇಕಾ ಮೇಡಂ?’ ಗೌರೀಶ ಮೊದಲು ಕೇಳಿದ್ದು ಅದನ್ನೇ.

‘ಯಾಕೆ ಬಿಡ್ತೀರ? ಒಂದಕ್ಕೆ ನಿಲ್ಸಿ. ಹಿಟ್ಟು ಜರಡಿ ಹಿಡೀತೀರಾ?’

‘ಎರಡು ಸಲ ಹಿಡೀತೀನಿ ಮೇಡಂ,’ ಎಂದರು ಭವ್ಯಶ್ರೀ. ‘ನೈಸಾಗಿಲ್ದಿದ್ರೆ ಇವ್ರಿಗೆ ಇಳಿಯಾಕಿಲ್ಲ.’

‘ಜರಡೀಲಿ ಉಳಿಯೋ ತೌಡು?’

‘ದನಕ್ಕೆ ಹಾಕ್ತೀವಿ.’

‘ಅವರೆಕಾಯಿ ಕಾಲದಲ್ಲಿ ಕಾಳು ಹಿತಕ್ತೀರಾ?’

‘ಹಿತಕ್ದೆ ಇನ್ನೇನ್ ಮೇಡಂ. ಹಿತಕಿದ ಬೇಳೆ ಸಾರು ಅಂದ್ರೆ ಇವ್ರಿಗೆ ಪ್ರಾಣ.’

‘ಸಿಪ್ಪೆ?’

‘ಅದೂ ದನಕ್ಕೇಯ.’

‘ದನ ಹೇಗಿವೆ?’

‘ಚೆಂದಾಗವೆ ಮೇಡಂ,’ ಎಂದರು ಗೌರೀಶ ಹೆಮ್ಮೆಯಿಂದ. ‘ಒಂದು ದಿನಕ್ಕೂ ಕಾಯ್ಲೆ ಅಂತ ಬಿದ್ದಿಲ್ಲ.’

‘ಬೀಳಲ್ಲ. ನಾರೆಲ್ಲ ಅವಕ್ಕೇ ಹಾಕಿದ್ದೀರಲ್ಲ.’

ಬಿಂದುಶ್ರೀ ಹೇಳಿಕೊಟ್ಟದ್ದು ಸುಲಭವಾಗಿತ್ತು. ಜರಡಿ ಹಿಡಿಯದ ಹಿಟ್ಟಿನ ಒಂದು ಮುದ್ದೆ, ತಟ್ಟೆಯ ಅರ್ಧ ಸೊಪ್ಪು ತರಕಾರಿ, ಸಿಪ್ಪೆ ಸಮೇತದ ಕಾಳು, ಮೊಳಕೆ ಹುರುಳಿ, ಸೌತೆಕಾಯಿ, ಸೀಬೆಹಣ್ಣು. ನಾರು ಹೊಟ್ಟೆ ತುಂಬಿಸುತ್ತದೆ, ಬೇಗ ಹಸಿವಾಗಗೊಡುವುದಿಲ್ಲ. ಆದರೆ ಒಮ್ಮೆಲೇ ಹೆಚ್ಚಿಸಬಾರದು, ಜೊತೆಗೆ ಚೆನ್ನಾಗಿ ನೀರು ಕುಡಿಯಬೇಕು. ಇನ್ನೊಂದು, ಇದ್ಯಾವುದನ್ನೂ ನುಂಗಲಾಗುವುದಿಲ್ಲ, ಅಗಿಯಬೇಕು.

ಕಷ್ಟವಾದದ್ದು ಈ ಕೊನೆಯದು. ಮೊದಲ ದಿನ ಒಂದು ಬಟ್ಟಲು ಮೊಳಕೆ ಹುರುಳಿ ಮುಗಿಸುವಷ್ಟರಲ್ಲಿ ಗೌರೀಶ ಅವರ ದವಡೆ ನೋಯತೊಡಗಿತು. ಅರೆಬರೆ ಅಗಿದು ನುಂಗಲು ಹೋಗಿ ಕೆಮ್ಮು ಬಂತು. ನಡುಮನೆಯ ಮಂಚದ ಮೇಲೆ ಕೂತಿದ್ದ ರೂಪಶ್ರೀಗೆ ಎಷ್ಟೋ ದಿನದ ಮೇಲೆ ನಗು ಬಂತು.

‘ಎಮ್ಮೆ ಮೆಲುಕಾಕ್ದಂಗೆ ಕಾಣ್ತೀಯ ಕಣಣ್ಣ.’

‘ನಗು, ನಗು. ನಿನ್ ದೆಸೆಯಿಂದ್ಲೇ ಕಣವ್ವ ನಾನು ಮೇವಿಗೆ ಬಿದ್ದಿರೋದು.’

ಭವ್ಯಶ್ರೀಯ ಅಡುಗೆಮನೆಗೆ ಈಗ ಎರಡು ಪಥ್ಯ ಬಂದಿದ್ದವು. ಗೌರೀಶ ಅವರಿಗೆ ಸೊಪ್ಪು ಹೆಚ್ಚು ಬೇಕು. ರೂಪಶ್ರೀಗೆ ಸೊಪ್ಪು ಕಡಿಮೆ, ಅದೂ ಲವಣ ಇಳಿಯುವಂತೆ ಬೇಯಿಸಿ ನೀರು ಬಸಿದದ್ದು. ಭವ್ಯಶ್ರೀ ಎರಡು ಒಲೆ ಹೂಡಲಿಲ್ಲ. ಬಸ್ಸಾರು ಮಾಡುವ ಮನೆಯಲ್ಲಿ ಬಸಿಯುವುದು ಹೊಸದೇನಲ್ಲ. ಹೊಲದ ಬದುವಿನಿಂದ ಬೆರಕೆ ಸೊಪ್ಪು ಕಿತ್ತು ತಂದು, ಒಂದೇ ಪಾತ್ರೆಯಲ್ಲಿ ನೀರು ಜಾಸ್ತಿ ಇಟ್ಟು ಬೇಯಿಸಿ ಬಸಿಯುತ್ತಿದ್ದರು. ಬಸಿದ ಸೊಪ್ಪಿನಲ್ಲಿ ಒಂದು ಹಿಡಿ, ಉಪ್ಪಿಲ್ಲದೆ, ನಾದಿನಿಗೆ. ಉಳಿದ ಸೊಪ್ಪು, ಬಸಿದ ಕಟ್ಟಿನ ಸಾರು ಗಂಡನಿಗೆ.

ಹೊರಗಿನ ಊಟಗಳನ್ನು ನಿಭಾಯಿಸಬೇಕಾದವರು ಗೌರೀಶ ಒಬ್ಬರೇ. ಮಲ್ಲಿಪಟ್ಟಣದ ಈಶ್ವರಯ್ಯನವರ ಮನೆಯ ಬೀಗರೂಟಕ್ಕೆ ಶಾಮಿಯಾನ ಅವರದೇ. ಪಂಕ್ತಿಯಲ್ಲಿ ಎದುರಿಗೆ ಕೂತವರು ಅರಕಲಗೂಡಿನ ದೇವರಾಜ್. ಮುದ್ದೆ ಪಂದ್ಯದಲ್ಲಿ ಎರಡು ಸಲವೂ ಗೌರೀಶ ಅವರಿಗೆ ಸೋತವರು. ಗೌರೀಶ ಒಂದೇ ಮುದ್ದೆ ಹಾಕಿಸಿಕೊಂಡು, ಮನೆಯಿಂದ ತಂದ ಡಬ್ಬಿಯ ಪಲ್ಯವನ್ನು ಎಲೆಗೆ ಸುರಿದುಕೊಂಡಿದ್ದನ್ನು ಅವರು ನೋಡಿದರು.

‘ಏನ್ಲಾ ಗೌರೀಶ, ಡಾಕ್ಟ್ರು ನಾರು ತಿನ್ನು ಅಂದವ್ರಂತೆ? ನಿಮ್ ಚನ್ರಾಯಪಟ್ಣದ ಕಡೆ ತೆಂಗಿನ ಮಟ್ಟೆಗೇನ್ ಬರವಾ?’

‘ಮಟ್ಟೆ ಇಟ್ಟಿವ್ನಿ ಕಣ್ಲಾ, ಹಗ್ಗ ಒಸಿಯಕ್ಕೆ. ನಿನ್ನ ಕಟ್ಟಾಕ್ಬೇಕಲ್ಲ.’

ಪಂಕ್ತಿ ನಕ್ಕಿತು. ಬೋಟಿ ಗೊಜ್ಜಿನ ಬಕೆಟ್ಟು ಎದುರಿಗೆ ಬಂತು, ನಿಂತಿತು, ಮುಂದೆ ಹೋಯಿತು. ಹಿಂದೆ ಎಲ್ಲರಿಗಿಂತ ಮೊದಲು ಎಲೆ ಬರಿದು ಮಾಡುತ್ತಿದ್ದವರು ಅಂದು ಕೊನೆಯವರಾದರು. ಎಲ್ಲರ ಕೈ ಒಣಗಿತ್ತು, ಗೌರೀಶ ಇನ್ನೂ ಅಗಿಯುತ್ತಿದ್ದರು. ಒಬ್ಬನ ಊಟ ಮುಗಿಯದೆ ಮೇಲೇಳಬಾರದೆಂಬ ರಿವಾಜಿದ್ದರೂ ದೇವರಾಜ್ ಬೇಸರದಿಂದ ಅರ್ಧ ಎದ್ದರು. ಬಡಿಸುತ್ತಿದ್ದ ಈಶ್ವರಯ್ಯ ಬಂದು ಅವರ ಹೆಗಲು ಒತ್ತಿದರು.

‘ಕೂತ್ಕಳಪ್ಪ. ತಂಗಿಗೆ ಕಿಡ್ನಿ ಕೊಡಕ್ಕೆ ಮೈ ಇಳಿಸ್ತಾವ್ನೆ.’

ದೇವರಾಜ್ ಕೂತರು. ‘ಮೊದ್ಲೇ ಯೋಳಕ್ಕೇನ್ಲಾ ನಿಂಗೆ ದಾಡಿ?’ ಎಂದರು. ‘ಅಗಿ, ಅಗಿ. ನಿಧಾನಕ್ಕೇ ಅಗಿ.’

ತೂಕ ಇಳಿಯುತ್ತಿತ್ತು. ಪ್ಯಾಂಟುಗಳನ್ನು ಒಳಗೆ ಹಿಡಿದು ಹೊಲಿಸಬೇಕಾಯಿತು. ಬೇಸಿಗೆ ಬರುವ ಹೊತ್ತಿಗೆ ವೈದ್ಯರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಇಳಿದಿತ್ತು. ರೂಪಶ್ರೀ ಮಾತ್ರ ಸೊರಗುತ್ತಿದ್ದಳು. ಡಯಾಲಿಸಿಸ್ ಮುಗಿಸಿ ಬಂದ ದಿನ ಗೋಡೆ ಹಿಡಿದು ನಡೆಯುತ್ತಿದ್ದಳು. ಇದನ್ನು ನೋಡಿದ ಗೌರೀಶ ಅವಸರಕ್ಕೆ ಬಿದ್ದರು. ಸೊಪ್ಪನ್ನು, ಕಾಳನ್ನು ಎರಡರಷ್ಟು ಮಾಡಿದರು. ಬೆಳಿಗ್ಗೆ ಮೊಳಕೆ, ಮಧ್ಯಾಹ್ನ ಮೊಳಕೆ, ರಾತ್ರಿಯೂ ಮೊಳಕೆ.

ಒಂದು ಬೆಳಿಗ್ಗೆ ಅವರ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ನಾಲ್ಕು ದಿನದಿಂದ ಕಟ್ಟಿಕೊಂಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟು ಕಳಿಸಿದರು. ಅದೇ ವಾರ ಮೈಸೂರಿನಲ್ಲಿ ರಕ್ತ ಪರೀಕ್ಷೆ ಇತ್ತು. ಅದರಲ್ಲಿ ಹೊಸ ತೊಡಕು ಕಾಣಿಸಿತು. ಕಿಡ್ನಿ ಸರಿಯಾಗಿ ಸೋಸದಿದ್ದರೆ ಏರುವ ಅಂಕಿಯೊಂದು ಮೊದಲಿಗಿಂತ ಏರಿತ್ತು. ಇನ್ನೊಮ್ಮೆ ನೋಡುತ್ತೇವೆ, ಇಳಿಯದಿದ್ದರೆ ನಿಮ್ಮದನ್ನು ತೆಗೆಯುವುದಿಲ್ಲ ಎಂದರು ವೈದ್ಯರು.

ಅಂದು ಸಂಜೆ ಭವ್ಯಶ್ರೀ ನಡುಮನೆಯಿಂದಲೇ ಬಿಂದುಶ್ರೀಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಗೌರೀಶ ಗೋಡೆಗೊರಗಿ ಕೂತಿದ್ದರು. ರೂಪಶ್ರೀ ಮಂಚದ ಮೇಲಿದ್ದಳು.

ಎಲ್ಲವನ್ನೂ ಕೇಳಿಸಿಕೊಂಡ ಬಿಂದುಶ್ರೀ, ‘ನೀರು ಎಷ್ಟು ಕುಡೀತಿದ್ದಾರೆ?’ ಎಂದರು.

‘ಕುಡೀತೀನಿ ಮೇಡಂ,’ ಎಂದರು ಗೌರೀಶ.

‘ಎಷ್ಟು?’

ಭವ್ಯಶ್ರೀ ಗಂಡನ ಮುಖ ನೋಡಿದರು. ‘ಇವ್ರು ಮನೇಲಿ ಲೋಟ ಎತ್ತಿದ್ನ ನಾನು ನೋಡೇ ಇಲ್ಲ ಮೇಡಂ. ಹೊರಗೆ ಕುಡೀತಾರೆ ಅಂದ್ಕೊಂಡಿದ್ದೆ.’

ಕುಡಿದ ನೀರು ಮೈಯಿಂದ ಹೊರಹೋಗದ ರೂಪಶ್ರೀಗೆ ದಿನದ ನೀರು ಅಳೆದು ಕೊಡುತ್ತಿದ್ದರು, ಮಾತ್ರೆಗೂ ಸೇರಿಸಿ. ಬಿಸಿಲು ಏರಿದಾಗ ಅವಳು ನಿಂಬೆಹಣ್ಣಿನ ಚೂರು ಬಾಯಲ್ಲಿಟ್ಟುಕೊಂಡು ನೀರಿನ ಫಿಲ್ಟರಿನ ಕಡೆ ನೋಡುತ್ತಾ ಕೂರುತ್ತಿದ್ದಳು. ಮೊದಮೊದಲು ಗೌರೀಶ ಅವಳ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಕುಡಿಯುತ್ತಿದ್ದರು. ಬರಬರುತ್ತ ಅದೂ ಗಂಟಲಿಗೆ ಇಳಿಯದಾಯಿತು. ಅವಳಿಗಿಲ್ಲದ್ದು ತನಗೇಕೆಂದು, ಹರಕೆ ಹೊತ್ತವರಂತೆ, ಅವಳು ಕುಡಿದಷ್ಟನ್ನೇ ತಾವೂ ಕುಡಿಯತೊಡಗಿದ್ದರು. ಅಷ್ಟು ನಾರಿನ ಮೇಲೆ, ಅಂಥ ಬಿಸಿಲಲ್ಲಿ ಕಂಬ ಹೊರುತ್ತ.

‘ನೀರಿಲ್ದೆ ನಾರು ತಿಂದ್ರೆ ಒಳಗೇ ಗಟ್ಟಿಯಾಗುತ್ತೆ, ಅದು ಇರ್ಲಿ,’ ಬಿಂದುಶ್ರೀಯ ದನಿ ಬಿಗಿಯಾಗಿತ್ತು. ‘ಕೊಡ್ಬೇಕು ಅಂತಿರೋ ಕಿಡ್ನೀನೇ ಒಣಗಿಸ್ತಿದ್ದೀರಲ್ಲ ಗೌರೀಶ್.’

ರೂಪಶ್ರೀ ಮಂಚದಿಂದ ಇಳಿದಳು. ಗೋಡೆ ಹಿಡಿದು ಹೋಗಿ ಚೊಂಬಿಗೆ ನೀರು ಬಿಟ್ಟಳು. ತುಂಬುವವರೆಗೆ ನಿಂತಿದ್ದು, ತಂದು ಅಣ್ಣನ ಮುಂದೆ ಹಿಡಿದಳು.

‘ಕುಡಿ.’

‘ಆಮ್ಯಾಕೆ ಕುಡೀತೀನಿ, ಮಲಿಕ್ಕೋ ಓಗವ್ವ.’

‘ನನ್ನೆದ್ರುಗೇ ಕುಡಿ. ನೀನು ನೀರು ಕುಡುದ್ರೆ ನಂಗೆ ಹೊಟ್ಟೆ ಉರೀತದೆ ಅಂದ್ಕಂಡಿದ್ದೀಯಾ?’ ಅವಳು ಚೊಂಬನ್ನು ಅಣ್ಣನ ಕೈಗೆ ಒತ್ತಿದಳು. ‘ಅದು ನನ್ ಕಿಡ್ನಿ ಕಣಣ್ಣ. ಇನ್ನೊಂದೆರಡು ತಿಂಗ್ಳು ನಿನ್ನತ್ರ ಇರತದೆ, ಅಷ್ಟೇಯ. ಅದಕ್ಕೆ ನೀರಾಕು.’

ಗೌರೀಶ ಕುಡಿದರು. ಅರ್ಧಕ್ಕೆ ನಿಲ್ಲಿಸಿದಾಗ ಅವಳು ಚೊಂಬನ್ನು ವಾಪಸು ತೆಗೆದುಕೊಳ್ಳಲಿಲ್ಲ. ಪೂರ್ತಿ ಕುಡಿದರು.

ಅಂದಿನಿಂದ ಗೌರೀಶ ಅವರ ನೀರಿನ ಉಸ್ತುವಾರಿ ರೂಪಶ್ರೀಯದಾಯಿತು. ಶಾಮಿಯಾನ ಕಟ್ಟುವ ಜಾಗಕ್ಕೂ ಫೋನ್ ಮಾಡಿ, ‘ಕುಡ್ದ್ಯಾ? ಸುಳ್ಳೇಳ್ಬ್ಯಾಡ, ಪಕ್ದಲ್ಲಿರೋರಿಗೆ ಕೊಡು’ ಎನ್ನುತ್ತಿದ್ದಳು. ಮೊಳಕೆಯ ಬಟ್ಟಲು ಮೂರರಿಂದ ಒಂದಕ್ಕೆ ಇಳಿಯಿತು. ಹೊಟ್ಟೆ ಹಗುರಾಯಿತು. ಮರುಪರೀಕ್ಷೆಯಲ್ಲಿ ಅಂಕಿ ಮೊದಲಿನ ಜಾಗಕ್ಕೆ ಬಂದಿತ್ತು. ಮಳೆ ಹಿಡಿಯುವ ಹೊತ್ತಿಗೆ ತೂಕವೂ ವೈದ್ಯರು ಕೇಳಿದಲ್ಲಿಗೆ ಬಂತು.

ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವವರನ್ನೂ ಮನೆಯವರನ್ನೂ ಬೇರೆಬೇರೆ ಕೂರಿಸಿ ವಿಚಾರಿಸುತ್ತಾರೆ. ಒತ್ತಾಯವಿದೆಯೇ, ಆಮಿಷವಿದೆಯೇ ಎಂದು. ಭವ್ಯಶ್ರೀಯ ಸರದಿ ಬಂದಾಗ ಅಧಿಕಾರಿ, ‘ಗಂಡ ಕಿಡ್ನಿ ಕೊಡೋದಕ್ಕೆ ನಿಮ್ಮ ಮನಃಪೂರ್ವಕ ಒಪ್ಪಿಗೆ ಇದೆಯಾ?’ ಎಂದು ಕೇಳಿದರು.

‘ಒಪ್ಪಿಗೆ ಇಲ್ದಿದ್ರೆ ಇಷ್ಟು ತಿಂಗ್ಳು ಸೊಪ್ಪು ಯಾಕೆ ಸೋಸ್ತಿದ್ದೆ ಸಾರ್?’ ಎಂದರು ಭವ್ಯಶ್ರೀ. ಅಧಿಕಾರಿ ಸಹಿಗೆ ಕಾಗದ ಮುಂದಿಟ್ಟರು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಮೊದಲು ಅಣ್ಣನನ್ನು, ಸ್ವಲ್ಪ ಹೊತ್ತಿಗೆ ತಂಗಿಯನ್ನು ಒಳಗೆ ಕರೆದುಕೊಂಡು ಹೋದರು. ಪುಟ್ಟತಾಯಮ್ಮ ಎರಡು ಬಾಗಿಲು ಒಟ್ಟಿಗೆ ಕಾಣುವ ಜಾಗ ಹುಡುಕಿ ಅಲ್ಲೇ ನೆಲದ ಮೇಲೆ ಕೂತರು. ಕುರ್ಚಿ ಕೊಟ್ಟರೂ ಏಳಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಗೌರೀಶ ಅವರಿಗೆ ಎಚ್ಚರವಾಯಿತು. ಬಾಯಿ ತೊದಲುತ್ತಿತ್ತು. ಹತ್ತಿರ ನಿಂತಿದ್ದ ಅನಿಲ್‌ಕುಮಾರ್ ಬಾಗಿ ಕಿವಿ ಕೊಟ್ಟರು. ಕೇಳಿದ್ದು ಒಂದೇ ಮಾತು.

‘ಬಂತಾ?’

ಹೊಸ ಕಿಡ್ನಿ ಹಿಡಿಯಿತೋ ಇಲ್ಲವೋ ಎಂಬುದಕ್ಕೆ ಮೊದಲ ಗುರುತು ಮೂತ್ರ. ರೂಪಶ್ರೀಗೆ ಅದು ಹೆಚ್ಚುಕಡಿಮೆ ಒಂದು ವರ್ಷದಿಂದ ನಿಂತೇ ಹೋಗಿತ್ತು.

‘ಆಪರೇಸನ್ ಟೇಬಲ್ ಮೇಲೇ ಬಂತಂತೆ ಭಾವ,’ ಎಂದರು ಅನಿಲ್‌ಕುಮಾರ್. ‘ಚೀಲ ತುಂಬ್ತಾನೇ ಐತಂತೆ. ನರ್ಸಮ್ಮ ಆಗ್ಲೇ ಒಂದ್ಸಲ ಖಾಲಿ ಮಾಡವ್ರೆ.’

ಗೌರೀಶ ಕಣ್ಣು ಮುಚ್ಚಿದರು. ಹೊರಗೆ ಪುಟ್ಟತಾಯಮ್ಮ ನರ್ಸಿನಿಂದ ಅದೇ ಸುದ್ದಿಯನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿದ್ದರು. ‘ಉಚ್ಚೆ ಬಂತು ಅಂತ ಇಷ್ಟೊಂದು ಜನ ನಗ್ತಿರೋದ್ನ ನಾನು ಎಲ್ಲೂ ಕಂಡಿಲ್ಲ ಕಣವ್ವ,’ ಎಂದು ಆ ನರ್ಸಿನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನೆಲದಿಂದ ಎದ್ದು, ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತರು.