ಸಾಹೇಬನ ಗೋರಿಗೆ ಒಂದು ಕೊಡ ನೀರು

ಕಳೆದ ಶುಕ್ರವಾರ ನಾನು ಒಬ್ಬ ಇಂಗ್ಲಿಷ್ ಸಾಹೇಬನ ಗೋರಿಗೆ ನೀರು ಹಾಕಿ ಬಂದೆ. ಹೌದು, ನಾನೇ. ಹದಿನೈದು ದಿನದ ಹಿಂದೆ ಇದೇ ಅಂಕಣದಲ್ಲಿ ‘ಬಿಳಿಯರ ಗುರುತು ಕೂಡ ಈ ನೆಲದಲ್ಲಿ ಉಳಿಯಬಾರದು’ ಎಂದು ಬರೆದಿದ್ದೆನಲ್ಲ, ಅದೇ ನಾನು. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ.

ನನ್ನ ಸಿಟ್ಟಿನ ಕಾರಣ ನಿಮಗೆ ಗೊತ್ತೇ ಇದೆ. ನಾವು ರಿಪಬ್ಲಿಕ್ ಆಗುತ್ತೇವಂತೆ, ಆದರೂ ಕಾಮನ್‌ವೆಲ್ತ್‌ನ ಮೆಂಬರ್ ಆಗಿಯೇ ಇರುತ್ತೇವಂತೆ. ಇಂಗ್ಲಿಷರ ಕೈಕೆಳಗಿದ್ದು ಬಿಡಿಸಿಕೊಂಡ ದೇಶಗಳು ತಾವಾಗಿಯೇ ಕೂಡಿಕೊಂಡ ಸಂಘ ಅದು. ಅಲ್ಲಿ ಯಾರೂ ಯಾರ ಆಳಲ್ಲ. ಇಂಗ್ಲೆಂಡಿನ ರಾಜ ಆ ಕೂಟಕ್ಕೆ ಬರೀ ಒಂದು ಸಂಕೇತ. (ಸಂಕೇತಕ್ಕೂ ಕಿರೀಟ ಬೇಕೆ?)

ನಮ್ಮ ಕೊಪ್ಪಳ ಸೀಮೆಯಿಂದ ನಿಜಾಮರ ಆಡಳಿತ ತೊಲಗಿ ಇನ್ನೂ ವರ್ಷ ತುಂಬಿಲ್ಲ. ಅದಕ್ಕಾಗಿ ಗಡಿಯಾಚೆಯ ಶಿಬಿರದಲ್ಲಿ ಜೋಳದ ನುಚ್ಚು ಉಂಡು ಬರೀ ನೆಲದಲ್ಲಿ ಮಲಗಿದವನು ನಾನು. ಒಬ್ಬ ದೊರೆ ಹೋದ ಬೆನ್ನಿಗೇ ಇನ್ನೊಬ್ಬನ ಪಂಕ್ತಿಯಲ್ಲಿ ಕೂಡುವುದೆ? ಮೈ ಉರಿಯಿತು. ಬರೆದೆ.

ಹುಸೇನವ್ವ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಮುದುಕಿ. ಆಕೆಯ ಒಬ್ಬನೇ ಮಗ ಖಾಸೀಮ ಪಲ್ಟನ್ ಸೇರಿ, ಮೊನ್ನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ತೀರಿಹೋದ. ಆಗ ಬಂದ ಇಂಗ್ಲಿಷ್ ಕಾಗದವನ್ನು ಓದಿ ಹೇಳಿದವನು ಸಾಲಿ ಮಾಸ್ತರನಾದ ನಾನೇ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಸಾಮ್ರಾಜ್ಯದ ದೇಶಗಳೆಲ್ಲ ಸೇರಿ ಗೋರಿಗಳನ್ನು ನೋಡಿಕೊಳ್ಳುತ್ತವೆ ಎಂದಿತ್ತು. ಆಕೆ ಕೇಳಿದ್ದು ಒಂದೇ ಮಾತು.

“ನೀರು ಯಾರು ಹಾಕ್ತಾರ್ರಿ?”

ಶುಕ್ರವಾರ ತಮ್ಮವರ ಗೋರಿಗೆ ನೀರು ಹಾಕಿ ಹೂವಿಡುವುದು ಆಕೆಯ ಮನೆಯ ಪದ್ಧತಿ. “ಅಲ್ಲಿ ಮಾಲಿ ಇರ್ತಾನ ಹುಸೇನವ್ವ, ಅಂವ ಹಾಕ್ತಾನ” ಎಂದಿದ್ದೆ. ತಲೆಯಾಡಿಸಿ ಹೋದಳು. ನಾನೂ ಮರೆತೆ.

ಕಳೆದ ಶುಕ್ರವಾರ ಮುಂಜಾನೆ ತುಂಬಿದ ಕೊಡ ಹೊತ್ತು ನನ್ನ ಬಾಗಿಲಿಗೆ ಬಂದು ನಿಂತಳು.

“ಮಾಸ್ತರ್ರ, ಬಿಳೇರಿಗೂ ನಮಗೂ ಸಂಬಂಧ ಹರೀತೇನ್ರಿ?”

“ಹರೀಬೇಕು” ಎಂದೆ, ಪೇಪರಿನಿಂದ ತಲೆ ಎತ್ತದೆ.

“ಹಂಗಾರ ನಮ್ಮ ಖಾಸೀಮನ ಗೋರಿ?”

ತಲೆ ಎತ್ತಿದೆ.

ಕೋಟೆಯ ಬೆಟ್ಟದ ಬುಡದಲ್ಲಿ ಒಬ್ಬ ಸಾಹೇಬನ ಹಳೆಯ ಗೋರಿ ಇದೆ. ಕಲ್ಲಿನ ಅಕ್ಷರಗಳು ಸವೆದುಹೋಗಿವೆ. ಕೋಟೆಗೆ ಮುತ್ತಿಗೆ ಹಾಕಲು ಬಂದು ಸತ್ತವನೆಂದು ಹಿರಿಯರು ಹೇಳುತ್ತಾರೆ. ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ಹುಸೇನವ್ವ ಅದಕ್ಕೆ ನೀರು ಹಾಕುತ್ತಿದ್ದಾಳೆ. ಹಿಂದಿನ ದಿನ ಓಣಿಯ ಇಬ್ಬರು ತರುಣರು ಆಕೆಯನ್ನು ತಡೆದು, “ಸ್ವರಾಜ್ಯ ಬಂದೈತಿ, ಬಿಳೇರ ಸೇವಾ ಸಾಕು. ಮಾಸ್ತರ್ರ ಪೇಪರ್‌ನಾಗ ಬರದಾರ. ಆ ಕಲ್ಲ ಕಿತ್ತ ಒಗಿತೀವಿ” ಎಂದರಂತೆ.

“ನಾ ಇಲ್ಲಿ ಇವನ್ನ ನೋಡಿಕೊಂಡ್ರ ಅಲ್ಲಿ ಅವರು ನನ್ನ ಮಗನ್ನ ನೋಡ್ತಾರಂತ ತಿಳದೀನ್ರಿ. ಒಂದು ವಾರಾನೂ ತಪ್ಪಿಸಿಲ್ಲ. ಈಗ ಇವರು ಇಲ್ಲಿ ಕಲ್ಲು ಕಿತ್ತರ, ಅವರು ಅಲ್ಲಿ ಸುಮ್ನ ಇರ್ತಾರೇನ್ರಿ?”

‘ಅದಕ್ಕೂ ಇದಕ್ಕೂ ಏನು ಸಂಬಂಧ?’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಲಂಡನ್ನಿನಲ್ಲಿ ದೊಡ್ಡ ದೊಡ್ಡವರು ಕೂತು ಈಗ ಮಾಡಿಕೊಂಡ ಕಾಮನ್‌ವೆಲ್ತ್ ಒಪ್ಪಂದವನ್ನು ಈ ಮುದುಕಿ ನಾಲ್ಕು ವರ್ಷ ಮೊದಲೇ ಯಾರನ್ನೂ ಕೇಳದೆ, ಎಲ್ಲೂ ಹೆಬ್ಬೆಟ್ಟು ಒತ್ತದೆ ನಡೆಸಿಕೊಂಡು ಬಂದಿದ್ದಳು.

ಚಪ್ಪಲಿ ಮೆಟ್ಟಿದೆ. ಕೊಡ ನಾನು ಹೊತ್ತೆ. ಈ ಬೇಸಿಗೆಯಲ್ಲಿ ನಮ್ಮ ಬಾವಿಯ ಪಾಡು ನಿಮಗೆ ಗೊತ್ತಲ್ಲ? ಸರದಿಯಲ್ಲಿ ನಿಂತರೆ ಎರಡು ಕೊಡ ಸಿಕ್ಕೀತು. ಅದರಲ್ಲಿ ಒಂದು ಈ ಸಾಹೇಬನಿಗೆ.

ಆ ಇಬ್ಬರು ತರುಣರು ಕಟ್ಟೆಯ ಮೇಲೆ ಕೂತಿದ್ದರು. “ಇದೇನ್ರಿ ಮಾಸ್ತರ್ರ, ನೀವ?” ಎಂದರು.

“ನಾನ ಬರದದ್ದು, ತಪ್ಪ ಬರದೀನಿ. ಆ ಕಲ್ಲು ಮುಟ್ಟಿದರ ನನ್ನ ಮುಟ್ಟಿದಂಗ” ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. (ಅಂಕಣಕಾರನಿಗೆ ಇದಕ್ಕಿಂತ ಅವಮಾನ ಬೇಕೆ? ಆದರೂ ಹಗುರೆನಿಸಿತು.)

ಹುಸೇನವ್ವ ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ತಲೆಯ ಕಡೆಯಿಂದ ಕಾಲಿನ ತನಕ ನೀರು ಹಾಕಿರಿ ಎಂದಳು. ಹಾಕಿದೆ. ಎರಡು ಕಣಗಿಲೆ ಹೂವಿಟ್ಟು, ಬಗ್ಗಿ ಏನೋ ಪಿಸುಗುಟ್ಟಿದಳು.

“ಏನಂದಿ ಹುಸೇನವ್ವ?”

“ಉಂಡಿಯೇನಪ್ಪಾ ಅಂತ ಕೇಳಿದೆ. ಇವನ ಅವ್ವಗೂ ಇಷ್ಟು ದೂರ ಬರಾಕ ಆಗಿಲ್ಲಲ್ಲರಿ.”

ಇಟಲಿ ಎಲ್ಲಿದೆಯೆಂದು ಈಕೆಗೆ ಗೊತ್ತಿಲ್ಲ. ಕಾಮನ್‌ವೆಲ್ತ್ ಎಂಬ ಮಾತನ್ನು ಈಕೆ ಕೇಳಿಯೇ ಇಲ್ಲ. ಗೋರಿಯ ಒಳಗಿರುವವನು ಈಕೆಯ ಊರನ್ನು ಗೆಲ್ಲಲು ಬಂದವನು. ಇಷ್ಟು ವರ್ಷ ಭಾಷಣ ಕೇಳಿದ್ದೇನೆ, ಮಾಡಿದ್ದೇನೆ. ಇಷ್ಟು ದೊಡ್ಡ ಮನಸ್ಸನ್ನು ನಾನು ಕಂಡೇ ಇರಲಿಲ್ಲ. ಬಿಸಿಲಿನ ಖಬರಿಲ್ಲದೆ ನಿಂತುಬಿಟ್ಟೆ. ಕೊನೆಗೆ ಆಕೆಯೇ “ನಡೀರಿ, ಸಾಲಿಗೆ ಹೊತ್ತಾಗ್ತೈತಿ” ಎಂದು ಎಚ್ಚರಿಸಿದಳು.

ರಾಜನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ತಿಳಿದಿರಲಿ. ಆದರೆ ಆ ಸಂಘಕ್ಕೆ ಒಂದು ಸಂಕೇತ ಬೇಕೇ ಬೇಕೆಂದರೆ ಕಿರೀಟವೇ ಏಕೆ, ಹುಸೇನವ್ವನ ಕೊಡ ಸಾಲದೆ?