ಅವ್ವನ ಎಡಗೈ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಮಾಧಾನವಾದ ಮೇಲೆ ಬರೆಯೋಣ ಎಂದು ಕೂತರೆ ಈ ಜನ್ಮದಲ್ಲಿ ಬರೆದ ಹಾಗೇ.

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವ್ವ ದಿನಾ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂಡುತ್ತಿದ್ದಳು. ಒಂದು ಶ್ರಾವಣದಲ್ಲಿ ಆ ಕೈ ತಾನಾಗಿಯೇ ಕುಣಿಯತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಹೂ ಏರಿಸುವ ಬಲಗೈ ಮಾತ್ರ ಎಂದಿನಂತೆ ಸುಮ್ಮನಿರುತ್ತಿತ್ತು.

ಅಪ್ಪ ಹತ್ತಿ ವ್ಯಾಪಾರಿ. ಅರಳೆಯನ್ನು ಬೆರಳಲ್ಲಿ ಎಳೆದು ನೋಡಿಯೇ ಅದರ ಗುಣ ಹೇಳುವವನು. ಹೆಂಡತಿಯ ಕೈ ನೋಡಿ ಹೇಳಿದ್ದು ಇಷ್ಟು: “ಅಂಗೈಯಾಗ ಶಿವ ಆಡಾಕತ್ತಾನ. ಪುಣ್ಯೇವಂತಿ ನೀ!” ಓಣಿಗೆಲ್ಲ ಸುದ್ದಿಯಾಯಿತು. ಹೆಂಗಸರು ಬಂದು ಆ ಕೈಯನ್ನು ಕಣ್ಣಿಗೊತ್ತಿಕೊಂಡು ಹೋದರು.

“ಅಪ್ಪಾ, ಪಲ್ಲೆ ಹೆಚ್ಚುವಾಗೂ ಆಡತೈತಿ, ಹಾಲು ಕಾಸುವಾಗೂ ಆಡತೈತಿ. ಅದೂ ಒಂದ ಕೈ. ಡಾಕ್ಟರಿಗೆ ತೋರಸೂಣು” ಎಂದೆ.

“ನಾಕ ಅಕ್ಷರ ಕಲ್ತೀದಿ ಅಂತ ಶಿವಗೂ ಗುಳಿಗಿ ಕೊಡಸ್ತಿ ಏನ?”

ಅವ್ವ ನಕ್ಕಳು. ಮದುವೆಯಾದ ಮೇಲೆ ಮೊದಲ ಸಲ ಗಂಡ ಅವಳನ್ನು ಹೊಗಳಿದ್ದ. ಅದನ್ನು ಬಿಟ್ಟುಕೊಡಲು ಪಾಪ, ಅವಳಿಗೂ ಮನಸ್ಸಿರಲಿಲ್ಲ.

ದೀಪಾವಳಿ ಹೊತ್ತಿಗೆ ಒಂದು ದಿನ ಕೈ ಜೋರಾಗಿ ಜಾಡಿಸಿತು, ಲಿಂಗ ನೆಲಕ್ಕೆ ಬಿತ್ತು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಅದೇ ಅಪ್ಪ, ಅದೇ ಬಾಯಿ: “ಏನ ಪಾಪಾ ಮಾಡೀದಿ, ಹೇಳ!” ಉಪವಾಸ ಕೂಡಿಸಿದ. ಆಡಿದರೆ ಶಿವ, ಬಿದ್ದರೆ ಅವ್ವ! ಎಂಥ ನ್ಯಾಯವಿದು? ಆ ಉಪವಾಸದಲ್ಲೇ ಅವ್ವ ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿದರು. “ಒಂದ ಕಡೀ ಕೈ ಹಿಂಗ ತಾನ ಆಡಾಕತ್ರ ಮೆದುಳಿನ ರೋಗ ಇರಬೇಕೇನೋ ಅಂತ ಲಗೂ ನೋಡಬೇಕ್ರಿ. ಎಡಗೈ ಆಡಸೂದು ಮೆದುಳಿನ ಬಲಭಾಗ, ಅಲ್ಲೇ ಗಡ್ಡಿ ಬೆಳದೈತಿ. ಇಷ್ಟ ದಿನಾ ಏನ ಮಾಡಿದ್ರಿ?” ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ ಆಪರೇಷನ್ನೂ ಆಯಿತು. ಯುಗಾದಿಗೆ ಅವ್ವ ಇರಲಿಲ್ಲ.

ಸಮಾಧಿಯಲ್ಲಿ ಕೂಡಿಸಿ, ನಮ್ಮ ಪದ್ಧತಿಯಂತೆ ಅದೇ ಎಡಗೈಯಲ್ಲಿ ಲಿಂಗವಿಟ್ಟರು. ಅಪ್ಪ ಅಳುತ್ತಾ ನನ್ನ ಹೆಗಲು ಹಿಡಿದುಕೊಂಡ.

“ನೋಡವಾ, ಎಷ್ಟ ಛಂದ ಹಿಡದಾಳ.”

“ಹೌದಪಾ,” ಎಂದೆ. “ಈಗ ಶಿವ ಆಡವಲ್ಲ.”